ಯಾರಾದರೂ ಬಳಸುತ್ತಿದ್ದೀರಾ?

ನನ್ನ ಗಂಡ ತೀರಿಕೊಂಡ ನಾಲ್ಕನೆಯ ತಿಂಗಳಲ್ಲಿ ನಾನು ಹನ್ನೊಂದು ಪ್ರೋಗ್ರಾಂಗಳನ್ನು ತೆಗೆದುಹಾಕಿದೆ. ಹತ್ತು ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಹನ್ನೊಂದನೆಯದು ಹೋದದ್ದರಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಣ್ಣು ಕಾಣದ ಒಬ್ಬರು ಕೆಲಸ ಕಳೆದುಕೊಳ್ಳುವ ಹಂತಕ್ಕೆ ಬಂದರು. ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಾಪ, ದುಃಖದಲ್ಲಿದ್ದಳು ಎಂದು ಓದುವವರು ನನಗೆ ರಿಯಾಯಿತಿ ಕೊಡುವುದು ಬೇಡ. ಆಗ ನಾನು ದುಃಖದಲ್ಲೂ ಇರಲಿಲ್ಲ. ಏನೂ ಅನಿಸುತ್ತಿರಲಿಲ್ಲ, ಅಷ್ಟೇ.

ನನ್ನ ಮನೆ ಬ್ರೂಕ್‌ಫೀಲ್ಡ್‌ನಲ್ಲಿ, ನೌಕರಿ ಮಹದೇವಪುರದ ಒಂದು ಟೆಕ್ ಪಾರ್ಕಿನಲ್ಲಿ. ಸಂಬಳ ಬರುವ ಆ ಕೆಲಸದ ಬಗ್ಗೆ ಹೇಳುವಂಥದ್ದೇನಿಲ್ಲ. ಸಂಬಳವಿಲ್ಲದ ಇನ್ನೊಂದು ಕೆಲಸವನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ಒಳಗೇನಿದೆ ಎಂದು ಬಿಚ್ಚಿ ನೋಡಬಹುದಾದ, ಬೇಕಾದಂತೆ ತಿದ್ದಿಕೊಳ್ಳಬಹುದಾದ ಒಂದು ಆಪರೇಟಿಂಗ್ ಸಿಸ್ಟಂ ಇದೆ. ಒಬ್ಬರ ಮುಖ ಒಬ್ಬರು ನೋಡಿರದ ಜನ ಎಲ್ಲೆಲ್ಲೋ ಕೂತು ಅದನ್ನು ನಡೆಸುತ್ತಾರೆ. ಅದರ ಸಾವಿರಾರು ತುಂಡುಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಉಸ್ತುವಾರಿ. ಅಂಥ ಕೆಲವು ತುಂಡುಗಳಿಗೆ ನಾನು ಉಸ್ತುವಾರಿಯಾಗಿದ್ದೆ.

ಆ ಸಿಸ್ಟಂ ಕಟ್ಟಿದವರು ಕೆಲವು ವಿಷಯಗಳಲ್ಲಿ ಹಟಮಾರಿಗಳು. ಒಂದು ಪ್ರೋಗ್ರಾಂ ಒಂದೇ ಕೆಲಸ ಮಾಡಬೇಕು, ಅದನ್ನು ನೆಟ್ಟಗೆ ಮಾಡಬೇಕು. ದೊಡ್ಡ ಕೆಲಸ ಬಂದರೆ ಸಣ್ಣವು ಒಂದರ ಕೈಗೆ ಒಂದು ಕೊಟ್ಟು ಮುಗಿಸಬೇಕು. ಬಳಸುವವರಿಗೆ ಬುದ್ಧಿಯಿದೆ ಎಂದು ನಂಬಬೇಕು, ಹಾಗಾಗಿ ಅಳಿಸು ಎಂದರೆ ಅಳಿಸುತ್ತದೆ, ನಿಜವಾಗಿಯೂ ಅಳಿಸಲೇ ಎಂದು ಗೋಗರೆಯುವುದಿಲ್ಲ. ಯಾವ ಯಂತ್ರವೂ ತೀರಾ ಹಳೆಯದೆಂದು ದೂಡಬಾರದು. ಕಟ್ಟಿದವರು ಊಹಿಸಿರದ ಕೆಲಸಕ್ಕೂ, ಅವರು ಕಂಡಿರದ ಮನುಷ್ಯರಿಗೂ ಅದು ಒದಗಬೇಕು. ಇವೆಲ್ಲಕ್ಕಿಂತ ನನಗೆ ಇಷ್ಟವಾದ ಕಟ್ಟಳೆ ಇನ್ನೊಂದು. ಕೆಲಸ ಸರಿಯಾಗಿ ಆಯಿತೆಂದರೆ ಪ್ರೋಗ್ರಾಂ ಏನೂ ಹೇಳಬಾರದು. ತಪ್ಪಾದರೆ ಮಾತ್ರ ಬಾಯಿ ಬಿಡಬೇಕು. ನಾನು ಬೆಳೆದದ್ದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದರೂ ನಾಲ್ಕು ಜನ ಬಂದು ಅಭಿಪ್ರಾಯ ಹೇಳುತ್ತಿದ್ದ ಮನೆಯಲ್ಲಿ. ಮೊದಲ ಸಲ ಆ ಸಿಸ್ಟಮ್ಮಿನಲ್ಲಿ ಒಂದು ಕೆಲಸ ಹೇಳಿ, ಅದು ಮಾತಿಲ್ಲದೆ ಮುಗಿಸಿ ಇನ್ನೇನು ಎಂಬಂತೆ ಕಾದು ನಿಂತಾಗ ನನಗೆ ಹಾಯೆನಿಸಿತು.

ನನ್ನ ಗಂಡನಿಗೆ ಈ ಮೌನ ಅಷ್ಟಕ್ಕಷ್ಟೆ. ಅವರು ಕಾರ್ಖಾನೆಗಳ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಬೊಮ್ಮಸಂದ್ರದಿಂದ ಪೀಣ್ಯದವರೆಗೆ ಸ್ಕೂಟರಿನಲ್ಲೇ ಸುತ್ತಾಟ. "ನಿಮ್ ಸಿಸ್ಟಂ ಒಳ್ಳೇ ನಮ್ಮಪ್ಪನ ಥರ ಕಣೇ," ಎನ್ನುತ್ತಿದ್ದರು. "ಮಾರ್ಕ್ಸ್ ಚೆನ್ನಾಗಿ ಬಂದ್ರೆ ಒಂದ್ ಮಾತಿಲ್ಲ. ಫೇಲ್ ಆದ್ರೆ ಮಾತ್ರ ಶುರು."

"ಅದಕ್ಕೇ ನೀವು ಪಾಸಾಗಿದ್ದು," ಎನ್ನುತ್ತಿದ್ದೆ.

ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ಅವರು ಚಪಾತಿ ಹರಿಯುತ್ತಾ ಕೇಳಿದರು. ಪೀಣ್ಯದಲ್ಲಿ ಒಬ್ಬರಿದ್ದಾರೆ, ಗದಗಿನ ಕಡೆಯವರು, ಹುಟ್ಟಿನಿಂದ ಕಣ್ಣು ಕಾಣದು. ಉಕ್ಕಿನ ಬಿಡಿಭಾಗಗಳನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುವ ಕಾರ್ಖಾನೆಯಲ್ಲಿ ಟೆಸ್ಟ್ ಸರ್ಟಿಫಿಕೇಟ್ ಟೈಪ್ ಮಾಡುತ್ತಾರೆ. ಮಾಲು ಎಷ್ಟು ಗಟ್ಟಿಯಾಗಿದೆ ಎಂದು ಪರೀಕ್ಷಿಸುವವರು ಕೂಗಿ ಹೇಳುವ ಅಂಕಿಗಳನ್ನು ಇವರು ಕಾಗದಕ್ಕಿಳಿಸಬೇಕು, ಆ ಕಾಗದವಿಲ್ಲದೆ ಮಾಲು ಗೇಟು ದಾಟುವಂತಿಲ್ಲ. ಅವರ ಹತ್ತಿರ ಟಿಫನ್ ಡಬ್ಬಿಯಷ್ಟು ದೊಡ್ಡ ಒಂದು ಮಾತಿನ ಪೆಟ್ಟಿಗೆಯಿದೆ. ಒತ್ತಿದ ಪ್ರತಿ ಅಂಕಿಯನ್ನೂ ಪರದೆಯ ಪ್ರತಿ ಸಾಲನ್ನೂ ಅದು ಕುಲುಮೆಯ ಗದ್ದಲದ ನಡುವೆಯೂ ಕೇಳುವಂತೆ ಹೇಳುತ್ತದೆ. ಅಂಥ ಪೆಟ್ಟಿಗೆ ತಯಾರಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತಿರುವ ಚಿಕ್ಕ ಪ್ರೋಗ್ರಾಂ ಒಂದು ನಮ್ಮ ಸಿಸ್ಟಮ್ಮಿನಲ್ಲಿತ್ತು. ಅದರ ಉಸ್ತುವಾರಿ ಕೈಬಿಟ್ಟು ಹೋಗಿದ್ದರು. ಹಾಗೆ ಕೈಬಿಟ್ಟವುಗಳಿಗೆ ನಮ್ಮಲ್ಲಿ ಅನಾಥ ಎನ್ನುತ್ತಾರೆ.

"ನೀನ್ ತಗೊಂಡ್ಬಿಡೇ ಅದನ್ನ. ಒಬ್ರಿಗೋಸ್ಕರ ಆದ್ರೂ."

ತೆಗೆದುಕೊಂಡೆ. ಅದರ ಟಿಪ್ಪಣಿಯಲ್ಲಿ ಒಂದು ಸಾಲು ಸೇರಿಸಿದೆ: ಬೆಂಗಳೂರಿನಲ್ಲಿ ಒಬ್ಬರು ದಿನವೂ ಬಳಸುತ್ತಾರೆ, ಕೈಹಾಕುವ ಮುಂಚೆ ಕೇಳಿ. ಯಾರನ್ನು ಕೇಳಬೇಕೆಂದು ಬರೆಯಲಿಲ್ಲ, ಏಕೆಂದರೆ ಕೇಳಬೇಕಾದವರು ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದರು. ಎಂಟು ವರ್ಷ ಸಿಸ್ಟಮ್ಮಿನ ಪ್ರತಿ ಹೊಸ ಆವೃತ್ತಿಗೂ ಆ ಪ್ರೋಗ್ರಾಂ ಅನ್ನು ಹೊಂದಿಸಿಕೊಟ್ಟೆ. ಪೀಣ್ಯಕ್ಕೆ ಹೋಗಿ ಬಂದಾಗ ನನ್ನ ಗಂಡ ಅದರ ಸುದ್ದಿ ಎತ್ತುತ್ತಿರಲಿಲ್ಲ. ಎತ್ತಲಿಲ್ಲವೆಂದರೆ ಪೆಟ್ಟಿಗೆ ಮಾತಾಡುತ್ತಿದೆ ಎಂದು ನಾನು ತಿಳಿಯುತ್ತಿದ್ದೆ. ಆ ವ್ಯಕ್ತಿಯನ್ನು ನಾನು ಒಮ್ಮೆಯೂ ಭೇಟಿಯಾಗಿರಲಿಲ್ಲ.

ಗಂಡ ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ, ಶೂ ಹಾಕಿಕೊಳ್ಳುತ್ತಾ. ಹೃದಯ ನಿಂತಿತು ಎಂದರು. ಹದಿಮೂರು ದಿನ ಮನೆಯಲ್ಲಿ ಜನ ತುಂಬಿದ್ದರು, ಆಮೇಲೆ ಹೋದರು. ಹದಿನಾರನೆಯ ದಿನ ನಾನು ಆಫೀಸಿಗೆ ಹೋದೆ. ಅಳು ಬರಲಿಲ್ಲ. ಬರಬೇಕಿತ್ತು ಎಂದು ಗೊತ್ತಿತ್ತು, ಬಂದವರೆಲ್ಲ ಅದಕ್ಕಾಗಿ ನನ್ನ ಮುಖ ನೋಡುತ್ತಿದ್ದರು. ಅವರ ಫೋನನ್ನು ಬೀರುವಿನೊಳಗೆ ಸೀರೆಗಳ ಕೆಳಗಿಟ್ಟೆ, ಚಾರ್ಜ್ ಇಳಿದು ಅದು ತಾನೇ ಆರಿಹೋಯಿತು. ದಿನಾ ರಾತ್ರಿ ಮೊಸರನ್ನ ತಿಂದೆ. ಬಿಸಿನೀರು ಮೈಮೇಲೆ ಬಿದ್ದರೂ ಬೇರೆ ಯಾರದೋ ಮೈ ಎನಿಸುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕವರು ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ಅದು ಸುಳ್ಳು ಕೂಡ ಆಗಿರಲಿಲ್ಲ.

ಮೂರನೆಯ ತಿಂಗಳಲ್ಲಿ ನನ್ನ ಉಸ್ತುವಾರಿಯ ಪಟ್ಟಿ ತೆಗೆದು ಕೂತೆ. ಹಳೆಯವನ್ನೆಲ್ಲ ಕಳೆಯಬೇಕೆನಿಸಿತು. ಅನಿಸಿತು ಎನ್ನುವುದೂ ಹೆಚ್ಚಾಯಿತು, ಕೈ ಆ ಕಡೆ ಹೋಯಿತು. ನಮ್ಮಲ್ಲಿ ಒಂದು ಪದ್ಧತಿಯಿದೆ. ಏನನ್ನಾದರೂ ತೆಗೆಯುವ ಮುಂಚೆ ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಒಂದು ಪತ್ರ ಹಾಕಬೇಕು: ಇದನ್ನು ಯಾರಾದರೂ ಬಳಸುತ್ತಿದ್ದೀರಾ? ಒಬ್ಬರೇ ಒಬ್ಬರು ನಾನು ಎಂದರೂ ಸಾಕು, ಅದು ಉಳಿಯುತ್ತದೆ. ತಿಂಗಳಾದರೂ ಯಾರೂ ಉಸಿರೆತ್ತದಿದ್ದರೆ ತೆಗೆಯಬಹುದು. ಇದರಷ್ಟು ನ್ಯಾಯವಾದ ಪದ್ಧತಿ ಇನ್ನೊಂದಿಲ್ಲ ಎಂದು ನಾನು ಹೊಸಬರಿಗೆ ಪಾಠ ಮಾಡಿದ್ದೆ.

ಹನ್ನೊಂದು ಪತ್ರ ಬರೆದೆ. ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. "ನನಗೆ ತಿಳಿದಮಟ್ಟಿಗೆ ಇದನ್ನು ಯಾರೂ ಬಳಸುತ್ತಿಲ್ಲ" ಎಂಬ ಸಾಲು ಹನ್ನೊಂದರಲ್ಲೂ ಇತ್ತು. ಮಾತಿನ ಪೆಟ್ಟಿಗೆಯ ಪತ್ರದಲ್ಲೂ ಇತ್ತು. ಪೀಣ್ಯದವರನ್ನು ಮರೆತಿದ್ದೆನೇ? ಮರೆತಿರಲಿಲ್ಲ. ಟಿಪ್ಪಣಿಯ ಆ ಸಾಲು ಕಣ್ಣಿಗೆ ಬಿತ್ತು, ಓದಿದೆ. ಅದು ನನ್ನ ಗಂಡನ ವಿಷಯ, ಅವರೇ ಇಲ್ಲ, ಅವರೊಂದಿಗೆ ಅದೂ ಮುಗಿಯಿತು ಎಂದುಕೊಂಡೆ. ಬದುಕಿರುವ ಒಬ್ಬರನ್ನು ಸತ್ತವರ ಸಾಮಾನಿನ ಜೊತೆ ಕಟ್ಟಿ ಹೊರಗಿಟ್ಟೆ. ತಿಂಗಳು ಕಳೆಯಿತು, ಯಾರೂ ಉತ್ತರಿಸಲಿಲ್ಲ, ತೆಗೆದೆ. ಅಚ್ಚುಕಟ್ಟು ಕೆಲಸ ಎಂದು ಯಾರೋ ಹೊಗಳಿ ಬರೆದರು.

ಅದಾಗಿ ಹನ್ನೊಂದು ತಿಂಗಳ ಮೇಲೆ ಗ್ಯಾಸ್ ಕನೆಕ್ಷನ್ ನನ್ನ ಹೆಸರಿಗೆ ಮಾಡಿಸಲು ಹೋದೆ. ಓಟಿಪಿ ಗಂಡನ ನಂಬರಿಗೆ ಬರುತ್ತದೆ ಎಂದರು. ಇಬ್ಬರದೂ ಒಂದೇ ಪ್ಲಾನಾದ್ದರಿಂದ ಆ ನಂಬರು ಚಾಲ್ತಿಯಲ್ಲೇ ಇತ್ತು. ಫೋನ್ ಹೊರತೆಗೆದು ಚಾರ್ಜಿಗಿಟ್ಟೆ. ಜೀವ ಬಂದದ್ದೇ ತಡ, ಮಿಸ್ಡ್ ಕಾಲ್‌ಗಳ ಮೆಸೇಜು ಒಂದರ ಹಿಂದೊಂದು ಬರತೊಡಗಿತು. ಹೆಚ್ಚಿನವು ಒಂದೇ ನಂಬರಿನಿಂದ, ಎಲ್ಲವೂ ಈಚಿನ ಎರಡು ತಿಂಗಳಲ್ಲಿ ಬಂದವು. ಗಂಡ ಆ ನಂಬರಿಗೆ ಕೊಟ್ಟಿದ್ದ ಹೆಸರು "ಪೀಣ್ಯ ಪೆಟ್ಟಿಗೆ."

ನನ್ನ ಫೋನಿನಿಂದ ಆ ನಂಬರಿಗೆ ಮಾಡಿದೆ. ಅದು ಕಾರ್ಖಾನೆಯ ಲ್ಯಾಂಡ್‌ಲೈನು. ಆಫೀಸಿನ ಹೆಂಗಸೊಬ್ಬರು ಎತ್ತಿಕೊಂಡರು. ಕಂಪ್ಯೂಟರ್ ರಿಪೇರಿಯ ಬಗ್ಗೆ ಎಂದೆ.

"ಅಬ್ಬಾ, ಈಗ್ಲಾದ್ರೂ ಮಾಡಿದ್ರಲ್ಲ ಮೇಡಂ! ಅವ್ರು ದಿನಾ ನನ್ ಕೈಲಿ ಫೋನ್ ಮಾಡಿಸ್ತಾರೆ, ನಿಮ್ ಕಡೆಯವ್ರು ಎತ್ತೋದೇ ಇಲ್ಲ."

ಅವರು ಹೇಳಿದ್ದರಿಂದ ಎಲ್ಲ ಗೊತ್ತಾಯಿತು. ಎರಡು ತಿಂಗಳ ಹಿಂದೆ ಹೊಸ ಏಜೆನ್ಸಿಯವರು ಬಂದು ಕಂಪ್ಯೂಟರಿಗೆ ನಮ್ಮ ಸಿಸ್ಟಮ್ಮಿನ ಹೊಸ ಆವೃತ್ತಿ ಹಾಕಿದ್ದರು, ನಾನು ತೆಗೆದ ಪ್ರೋಗ್ರಾಂ ಅದರಲ್ಲಿರಲಿಲ್ಲ. ಅಂದಿನಿಂದ ಪೆಟ್ಟಿಗೆ ಬಾಯಿ ಬಿಟ್ಟಿರಲಿಲ್ಲ. ಪರದೆಯ ಮೇಲೆ ತಪ್ಪಿನ ಸೂಚನೆ ಏನೂ ಇರಲಿಲ್ಲ, ಹಾಗಾಗಿ ಪೆಟ್ಟಿಗೆಯೇ ಕೆಟ್ಟಿದೆ ಎಂದು ಏಜೆನ್ಸಿಯವರು ತೀರ್ಪು ಕೊಟ್ಟು ಎರಡು ಸ್ಪೀಕರ್ ಇಟ್ಟು ಹೋಗಿದ್ದರು. ಸ್ಪೀಕರಿನ ಧ್ವನಿ ಒತ್ತಿದ್ದಕ್ಕಿಂತ ಹಿಂದೆ ಬೀಳುತ್ತಿತ್ತು, ಗದ್ದಲದಲ್ಲಿ ಸರಿಯಾಗಿ ಕೇಳುತ್ತಲೂ ಇರಲಿಲ್ಲ. ಐವತ್ತೆಂಟು ಇರಬೇಕಾದಲ್ಲಿ ಐವತ್ತು ಎಂದು ಟೈಪಾಗಿ ಒಂದು ಲೋಡು ವಾಪಸ್ ಬಂದಿತ್ತು.

"ಸಾರ್ ಶನಿವಾರದ ತನಕ ಟೈಮ್ ಕೊಟ್ಟಿದಾರೆ. ಆಮೇಲೆ ಸರ್ಟಿಫಿಕೇಟ್ ಕೆಲ್ಸ ಬೇರೆಯವ್ರಿಗೆ. ಇವ್ರಿಗೆ ಮಾಲಿಗೆ ಚೀಟಿ ಕಟ್ಟೋ ಕೆಲ್ಸ ಕೊಡ್ತಾರಂತೆ. ಅದಕ್ಕವ್ರು, ಚೀಟಿ ಕಟ್ಟಲ್ಲ, ಊರಿಗೆ ಹೋಗ್ತೀನಿ ಅಂತ ಕೂತಿದಾರೆ."

ಆ ದಿನ ಗುರುವಾರ. ಶುಕ್ರವಾರ ರಜೆ ಹಾಕಿ ಹಳೆಯ ಪ್ರೋಗ್ರಾಂ ಅನ್ನು ಹುಡುಕಿ ತೆಗೆದು ಹೊಸ ಆವೃತ್ತಿಗೆ ಹೊಂದಿಸಿದೆ. ನಮ್ಮ ಸಿಸ್ಟಮ್ಮಿನಲ್ಲಿ ತೆಗೆದದ್ದು ಪೂರ್ತಿ ಹೋಗುವುದಿಲ್ಲ, ಹಳೆಯ ಪ್ರತಿ ಎಲ್ಲೋ ಇದ್ದೇ ಇರುತ್ತದೆ. ಶನಿವಾರ ಬೆಳಿಗ್ಗೆ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಪೀಣ್ಯದಲ್ಲಿ ಇಳಿದೆ. ದಾರಿಯುದ್ದಕ್ಕೂ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಪರ್ಸಿನಲ್ಲಿ ಪೆನ್‌ಡ್ರೈವ್ ಇದೆಯೇ ಎಂದು ಮೂರು ಸಲ ಮುಟ್ಟಿ ನೋಡಿಕೊಂಡೆ.

ಕುಲುಮೆಗಳ ಪಕ್ಕದಲ್ಲಿ ಗಾಜು ಹಾಕಿದ ಪುಟ್ಟ ಕೋಣೆ. ಒಳಗೆ ಐವತ್ತು ದಾಟಿದ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬರು ಕೂತಿದ್ದರು. ನಾನು ಬಾಗಿಲ ಬಳಿ ನಿಲ್ಲುವ ಮೊದಲೇ ತಲೆಯೆತ್ತಿದರು.

"ಯಾರ್ರೀ ಅದು? ಈ ಚಪ್ಪಲಿ ಸಪ್ಪಳ ನಮ್ಮಲ್ಲಿದಲ್ಲ."

ಪೆಟ್ಟಿಗೆ ನೋಡಲು ಬಂದಿದ್ದೇನೆ ಎಂದೆ.

"ಬರ್ರಿ. ಅವರ ಆಫೀಸಿನಾವ್ರೇನು ನೀವು? ಎರಡ ತಿಂಗಳಾತು ಫೋನ್ ಹಚ್ಚಾಕತ್ತು. ಎತ್ತಿದ್ರ ಕೈ ಸವಿತಾವೇನ್ರೀ ಅವರವು? ಅಷ್ಟ ವರ್ಷದ ಪರಿಚಯ. ನನ್ನ ಬುತ್ತಿಯೊಳಗಿನ ರೊಟ್ಟಿ ತಿಂದ ಮನಷ್ಯಾರು."

ನಾನು ಆಗಲೇ ಹೇಳಬೇಕಿತ್ತು. ಮೊದಲು ಕೆಲಸ ಆಗಲಿ ಎಂದು ಕಂಪ್ಯೂಟರಿನ ಮುಂದೆ ಕೂತೆ. ಅವರು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ನನ್ನ ಗಂಡನನ್ನು ಬೈಯುತ್ತಲೇ ಇದ್ದರು. ದೊಡ್ಡ ಮನುಷ್ಯರಾಗಿದ್ದಾರೆ, ಹೊಸ ಗಿರಾಕಿಗಳು ಸಿಕ್ಕಿರಬೇಕು, ಕುರುಡನ ಪೆಟ್ಟಿಗೆ ಯಾರಿಗೆ ಬೇಕು. ಹದಿನಾಲ್ಕು ತಿಂಗಳಲ್ಲಿ ಎಲ್ಲರೂ ನನ್ನ ಗಂಡನ ಬಗ್ಗೆ ಒಳ್ಳೆಯದನ್ನೇ ಆಡಿದ್ದರು. ಇನ್ನೂ ಬದುಕಿರುವವರನ್ನು ಬೈಯುವಂತೆ ಬೈದವರು ಇವರೊಬ್ಬರೇ. ಬೈಗುಳ ಕೇಳುತ್ತಾ ಕೂರುವುದು ನನಗೆ ಇಷ್ಟವಾಗುತ್ತಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಅದು ಬೇಗ ಮುಗಿಯದಿರಲಿ ಎಂದು ನಿಧಾನವಾಗಿಯೇ ಟೈಪ್ ಮಾಡಿದೆ.

ಪ್ರೋಗ್ರಾಂ ಕೂತುಕೊಂಡಿತು. ವಾಡಿಕೆಯಂತೆ ಪರದೆಯ ಮೇಲೆ ಏನೂ ಬರಲಿಲ್ಲ. ಇಪ್ಪತ್ತು ವರ್ಷ ನನಗೆ ಹಾಯೆನಿಸಿದ್ದ ಆ ಮೌನವನ್ನು ಅವರ ಪಕ್ಕ ಕೂತು ನೋಡಿದೆ. ಅವರು ಕತ್ತು ಮುಂದೆ ಚಾಚಿ ಕಾಯುತ್ತಿದ್ದರು. ಕೆಲಸ ಆಯಿತೋ, ಯಂತ್ರ ಸತ್ತಿತೋ, ಅವರಿಗೆ ತಿಳಿಯುವ ದಾರಿಯಿರಲಿಲ್ಲ. ನಾವು ಆ ಕಟ್ಟಳೆ ಮಾಡಿದಾಗ ಎಲ್ಲರಿಗೂ ಪರದೆ ಕಾಣುತ್ತದೆ ಎಂದುಕೊಂಡಿದ್ದೆವು. ನನಗೆ ನನ್ನ ಮೇಲೇ ಸಿಟ್ಟು ಬಂತು. ಬಹಳ ದಿನದ ಮೇಲೆ ಬಂದ ಸಿಟ್ಟು.

"ಒಂದು ಕೀ ಒತ್ತಿ ನೋಡಿ," ಎಂದೆ.

ಐದು, ಎಂದಿತು ಪೆಟ್ಟಿಗೆ. ಎಂಟು, ಎಂದಿತು. ತಗಡು ಬಡಿದಂಥ ಧ್ವನಿ, ಏರಿಳಿತವಿಲ್ಲ. ಎಂಟು ವರ್ಷ ಸಾಕಿದ ಪ್ರೋಗ್ರಾಂ ಮಾತಾಡುವುದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ನಗಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ. ಹೊರಗೆ ಕೂಗಿ ಪರೀಕ್ಷಿಸುವವರನ್ನು ಅಂಕಿ ಹೇಳಲು ಕರೆದರು. ನೋಡನೋಡುತ್ತಾ ಒಂದು ಸರ್ಟಿಫಿಕೇಟ್ ಮುಗಿಯಿತು, ಆಫೀಸಿನ ಹೆಂಗಸು ಅದನ್ನು ಮಾಲೀಕರಿಗೆ ತೋರಿಸಿ ಬಂದು ಹೇಳಿದರು: "ನೀವೇ ಮುಂದುವರಿಸಬೇಕಂತೆ ಅಣ್ಣ."

ಆಮೇಲೆ ಅವರು ನನ್ನ ಕಡೆ ತಿರುಗಿದರು. "ಅವರಿಗೆ ಹೇಳ್ರಿ, ನಾ ಇನ್ನೂ ಸಿಟ್ಟನ್ಯಾಗ ಅದೀನಿ ಅಂತ."

"ಅವರು ಇಲ್ಲ. ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ನಾನು ಅವರ ಹೆಂಡತಿ," ಎಂದೆ. ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿದೆ. ಪೆಟ್ಟಿಗೆ ಕೆಟ್ಟಿರಲಿಲ್ಲ, ಅದರ ಪ್ರೋಗ್ರಾಂ ತೆಗೆದವಳು ನಾನೇ, ಯಾರಾದರೂ ಬಳಸುತ್ತಿದ್ದೀರಾ ಎಂದು ಲಿಸ್ಟಿನಲ್ಲಿ ಕೇಳಿದ್ದೆ, ಯಾರೂ ಉತ್ತರಿಸಲಿಲ್ಲ.

ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಆಮೇಲೆ ಕೇಳಿದರು, "ನಾ ಒಬ್ಬಾವ ಬಳಸ್ತೀನಿ ಅಂತ ನಿಮಗ ಗೊತ್ತಿತ್ತೇನ್ರೀ?"

"ಗೊತ್ತಿತ್ತು."

"ಮತ್ತ ನನಗ್ಯಾಕ ಕೇಳಲಿಲ್ಲ?"

ಬ್ರೂಕ್‌ಫೀಲ್ಡಿನಿಂದ ಪೀಣ್ಯಕ್ಕೆ ಎರಡು ಮೆಟ್ರೋ ಅಷ್ಟೇ. ಎಲ್ಲ ದೇಶದವರನ್ನೂ ಕೇಳಿದ್ದೆ, ಇವರನ್ನು ಕೇಳಿರಲಿಲ್ಲ. ತಪ್ಪಾಯಿತು ಎಂದೆ. ಅವರು ಆಗಲಿ ಎನ್ನಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಇನ್ನೊಂದು ಮಾತು ಹೇಳಲೇಬೇಕಿತ್ತು. ನಾನು ಇವತ್ತು ಹಾಕಿದ್ದು ಈ ಒಂದು ಕಂಪ್ಯೂಟರಿಗೆ ಮಾತ್ರ. ಸಿಸ್ಟಮ್ಮಿನೊಳಗೆ ಅದು ವಾಪಸ್ ಬರದಿದ್ದರೆ ಮುಂದಿನ ಆವೃತ್ತಿ ಹಾಕಿದಾಗ ಪೆಟ್ಟಿಗೆ ಮತ್ತೆ ನಿಲ್ಲುತ್ತದೆ. ವಾಪಸ್ ಬರಬೇಕಾದರೆ ಬಳಸುವವರೊಬ್ಬರು ಲಿಸ್ಟಿಗೆ ಬರೆಯಬೇಕು. ಉಸ್ತುವಾರಿ ಬರೆದರೆ ಅದು ಲೆಕ್ಕಕ್ಕಿಲ್ಲ.

"ಸರೀರಿ. ನಾನ ಬರೀತೀನಿ."

ಪುಟ ತೆರೆದುಕೊಟ್ಟೆ. ಅವರು ಸರ್ಟಿಫಿಕೇಟಿನ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ಸಾಲುಗಳಲ್ಲಿ ಬರೆದರು. ಬರೆದು ನಿಲ್ಲಿಸಿ, ಯೋಚಿಸಿ, ನನ್ನನ್ನು ಕೇಳದೆ ಇನ್ನಷ್ಟು ಸೇರಿಸಿದರು. ಕಳುಹಿಸುವ ಮುಂಚೆ ಮೊದಲಿನಿಂದ ಒಮ್ಮೆ ಕೇಳಿಸಿಕೊಳ್ಳುವುದು ಅವರ ರೂಢಿ. ಕೀ ಒತ್ತಿದರು. ಅಂಕಿಗಳನ್ನು ಹೇಳಿದ್ದ ಅದೇ ತಗಡಿನ ಧ್ವನಿಯಲ್ಲಿ ಪೆಟ್ಟಿಗೆ ಓದಿತು. ನಾನು ಇದನ್ನು ಬಳಸುತ್ತೇನೆ. ದಿನವೂ ಬಳಸುತ್ತೇನೆ. ನೀವು ಕೇಳಿದ್ದು ನನಗೆ ಕೇಳಿಸಲಿಲ್ಲ. ಇದನ್ನು ನನಗೆ ಹಾಕಿಕೊಟ್ಟವರು ತೀರಿಕೊಂಡಿದ್ದಾರೆ. ಅವರಿದ್ದಿದ್ದರೆ ನಿಮಗೆ ಹೇಳುತ್ತಿದ್ದರು.

ಆ ಹದಿನಾಲ್ಕು ತಿಂಗಳಲ್ಲಿ ತೀರಿಕೊಂಡಿದ್ದಾರೆ ಎಂಬ ಮಾತನ್ನು ನಾನು ಬ್ಯಾಂಕಿನಲ್ಲಿ, ಗ್ಯಾಸಿನವರಲ್ಲಿ, ಫೋನಿನಲ್ಲಿ, ಲಿಫ್ಟಿನಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೆ. ನನಗೆ ಯಾರೂ ಹೇಳಿರಲಿಲ್ಲ. ನಾನು ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಹೊರಗೆ ಕುಲುಮೆಯ ಗದ್ದಲವಿತ್ತು, ಆದರೂ ಅವರಿಗೆ ಕೇಳಿಸಿರಬೇಕು. ಕೈ ಕೀಲಿಮಣೆಯ ಮೇಲಿಟ್ಟುಕೊಂಡೇ ನಾನು ಮುಗಿಸುವವರೆಗೆ ಕಾದರು.

"ಏನರ ತಪ್ಪಿದ್ರ ಹೇಳ್ರಿ, ತಿದ್ದತೀನಿ," ಎಂದರು.

"ಏನೂ ತಪ್ಪಿಲ್ಲ. ಕಳಿಸಿ," ಎಂದೆ.